ಸೇತುವೆ ದಾಟಿದ್ದೇ ನೆನಪಿಲ್ಲ ಅಂದಿರಲ್ಲ, ಮೊದಲು ಅದರ ಮಾತು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮಡಚಿ ಇಟ್ಟೆ. ರಾತ್ರಿ ಮತ್ತೆ ತೆಗೆದು ಓದಿದೆ. ಬೇರೆ ಪತ್ರಗಳಿಗೆ ಉತ್ತರ ಬರೆಯಲು ಕೂತರೂ ಮನಸ್ಸು ಇದರ ಹತ್ತಿರವೇ ಹೋಗುತ್ತಿತ್ತು. ಹಾಗಾಗಿ ಈ ಸಲ ಇದೊಂದೇ.

ಬರೆದವರು ನರ್ಸ್. ನಾಲ್ಕು ತಿಂಗಳ ಹಿಂದೆ ದೊಡ್ಡ ಆಸ್ಪತ್ರೆಯ ಐಸಿಯುಗೆ ಸೇರಿದ್ದಾರೆ. ವರ್ಷಗಟ್ಟಲೆ ಆಸೆಪಟ್ಟ ಕೆಲಸ. 12 ಗಂಟೆಯ ಡ್ಯೂಟಿ, ಒಂದು ವಾರ ಹಗಲು, ಒಂದು ವಾರ ನೈಟ್. ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಹತ್ತು ನಿಮಿಷದ ದಾರಿ, ಓಡಿಸುವುದು ಅವರೇ. ಮನೆ ಸ್ವಂತದ್ದು. ಗಂಡನ ಕೆಲಸ ಮನೆಯ ಹತ್ತಿರವೇ ಇದೆ, ಆರು ವರ್ಷದ ಮಗಳಿದ್ದಾಳೆ. ಸ್ವಂತ ಮನೆ ಬಿಟ್ಟು ಬಾಡಿಗೆಗೆ ಯಾಕೆ ಹೋಗಬೇಕು ಅನ್ನುತ್ತಾರೆ ಗಂಡ. ಮೊದಲಿದ್ದ ಸಣ್ಣ ಆಸ್ಪತ್ರೆಗೇ ವಾಪಸ್ ಹೋಗು ಅನ್ನುತ್ತಾರೆ ಅಮ್ಮ. ವಾರ್ಡಿನ ಹಿರಿಯ ನರ್ಸ್ ಒಬ್ಬರು, "ನಾನು ದಿನಾ ಎರಡೆರಡು ಗಂಟೆ ಓಡಾಡಿದವಳು, ಅಭ್ಯಾಸ ಆಗುತ್ತೆ ಬಿಡು" ಅಂದರಂತೆ. ಕೊನೆಗೆ ಇವರ ಪ್ರಶ್ನೆ: "ನರ್ಸ್ ಆದವಳಿಗೆ ಎಷ್ಟು ದೂರದ ಓಡಾಟ ಸರಿ? ನಾನು ಸುಮ್ನೆ ಗೊಣಗುತ್ತಾ ಇದ್ದೀನಾ?"

ಎರಡು ಪುಟದ ಪತ್ರ ಅದು. ಎರಡನೇ ಪುಟದ ಕೆಳಗೆ, ಬ್ರಾಕೆಟ್ ಒಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. "ಒಂದೆರಡು ಸಲ ನೈಟ್ ಮುಗಿಸಿ ಬರುವಾಗ ಸೇತುವೆ ದಾಟಿದ್ದೇ ನೆನಪಿಲ್ಲ, ಮನೆ ಹತ್ತಿರ ಬಂದಮೇಲೇ ಗೊತ್ತಾಯಿತು, ಆದರೆ ಏನೂ ಆಗಲಿಲ್ಲ."

ತಂಗಿ, ಬಾಡಿಗೆ ಮನೆ, ಗಂಡ, ಅಮ್ಮ, ಎಲ್ಲ ಆಮೇಲೆ. ನಿಮ್ಮ ಪತ್ರ ಇರುವುದೇ ಆ ಬ್ರಾಕೆಟ್‌ನಲ್ಲಿ.

ಸೇತುವೆ ನೆನಪಿಲ್ಲ ಅಂದರೆ ಏನು? ಯೋಚನೆಯಲ್ಲಿ ಮುಳುಗಿದ್ದಿರಿ ಅಂತ ಅಂದುಕೊಳ್ಳಬೇಡಿ. ನೈಟ್ ಮುಗಿಸಿ ಬರುವವರಿಗೆ ಹೀಗಾದರೆ ನಿದ್ದೆ ಹೊಡೆದಿದ್ದೀರಿ ಅಂತಲೇ ತಿಳಿಯಬೇಕು. ಕಣ್ಣು ತೆರೆದೇ ಇರಬಹುದು, ಕೈ ಸ್ಟಿಯರಿಂಗ್ ಮೇಲೇ ಇರಬಹುದು, ಮಿದುಳು ಮಾತ್ರ ಮೂರು ನಾಲ್ಕು ಸೆಕೆಂಡ್ ಇರುವುದಿಲ್ಲ. 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಅಂದರೆ ಸುಮಾರು 67 ಮೀಟರ್. ಅಷ್ಟು ದೂರ ಆ ಕಾರನ್ನು ಯಾರೂ ಓಡಿಸುತ್ತಿರಲಿಲ್ಲ. ಎದುರಿಗೆ ಯಾರೂ ಬರಲಿಲ್ಲ, ಅದಕ್ಕೇ ಏನೂ ಆಗಲಿಲ್ಲ.

1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದಾಗ ಅದು ಶೇಕಡಾ 0.10ರ ಮಟ್ಟ ಮುಟ್ಟಿತ್ತು. ನಿಮ್ಮ ಮೊದಲ ನೈಟ್ ಲೆಕ್ಕ ಹಾಕಿ. ಬೆಳಿಗ್ಗೆ ಎಂಟಕ್ಕೆ ಎದ್ದು, ಮಗಳನ್ನು ಕಳಿಸಿ, ಹಗಲಲ್ಲಿ ಮಲಗದೆ ರಾತ್ರಿ ಎಂಟಕ್ಕೆ ಡ್ಯೂಟಿ ಹತ್ತಿದರೆ, ಮರುದಿನ ಬೆಳಿಗ್ಗೆ ಎಂಟಕ್ಕೆ 24 ಗಂಟೆ ಆಯಿತು. ಕುಡಿದವರು ಗಾಡಿ ಓಡಿಸಿದರೆ ನಾವೆಲ್ಲ ಬೈಯುತ್ತೇವೆ. ನಿದ್ದೆಗೆಟ್ಟವರು ಓಡಿಸಿದರೆ ಪಾಪ, ಎಷ್ಟು ಕಷ್ಟಪಡುತ್ತಾಳೆ ಅನ್ನುತ್ತೇವೆ. ಇದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ನಾನೂ ಹದಿನಾರು ವರ್ಷ ವಾರ್ಡಿನಲ್ಲಿ ಇದ್ದವಳು. ನೈಟ್ ಮುಗಿಯುವ ಹೊತ್ತು ಹೇಗಿರುತ್ತದೆ ಗೊತ್ತು. ರಿಲೀವರ್, ಅಂದರೆ ಮುಂದಿನ ಡ್ಯೂಟಿಯ ನರ್ಸ್, ಬಂದಿರುತ್ತಾರೆ, ಒಂದೊಂದು ಬೆಡ್ ಮುಂದೆ ನಿಂತು ರೋಗಿಯ ವಿವರವೆಲ್ಲ ಹೇಳಿ ಹ್ಯಾಂಡೋವರ್ ಕೊಡಬೇಕು. ಯಾವ ಪಂಪ್‌ನಲ್ಲಿ ಯಾವ ಔಷಧಿ, ಎಷ್ಟು ಸ್ಪೀಡ್, ರಾತ್ರಿ ಬಿಪಿ ಎಷ್ಟು ಹೊತ್ತಿಗೆ ಇಳಿಯಿತು, ಮೂತ್ರ ಎಷ್ಟು ಬಂತು. ಬೀಗದ ಕಪಾಟಿನ ಇಂಜೆಕ್ಷನ್‌ಗಳನ್ನು ಇಬ್ಬರೂ ಸೇರಿ ಎಣಿಸಿ ಸಹಿ ಹಾಕಬೇಕು. ಅಪಾಯದ ಔಷಧಿಯಾದರೆ ಸಿರಿಂಜ್‌ನ ಲೇಬಲನ್ನು ಇನ್ನೊಬ್ಬರ ಕಣ್ಣಿಗೆ ತೋರಿಸದೆ ನೀವು ಕೊಡುವುದೇ ಇಲ್ಲ. ಯಾಕೆ? ದಣಿದ ಕಣ್ಣನ್ನು ನಂಬಬಾರದು ಅಂತ ನಿಮಗೆ ಕಲಿಸಿದ್ದಾರೆ. ಹತ್ತು ನಿಮಿಷದ ನಂತರ ಅದೇ ಕಣ್ಣು ಇಟ್ಟುಕೊಂಡು ಕಾರು ಹತ್ತುತ್ತೀರಿ. ಅಲ್ಲಿ ನೋಡಲು ಇನ್ನೊಬ್ಬರಿಲ್ಲ.

ಕಿಟಕಿ ತೆಗೆದರೆ, ಹಾಡು ಜೋರಾಗಿ ಹಾಕಿದರೆ ನಿದ್ದೆ ಹೋಗುತ್ತೆ ಅಂತೀರಾ? ಸ್ವಲ್ಪ ಹೊತ್ತು ಹೋದಂತೆ ಅನಿಸುತ್ತದೆ, ಅಷ್ಟೆ. ಕಾಫಿ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ನೀವು ಸೇತುವೆ ಮೇಲೆ ಇರುತ್ತೀರಿ. ನಿದ್ದೆಗೆ ನಿದ್ದೆಯೇ ಮದ್ದು. ಇದನ್ನು ಈ ಅಂಕಣದಲ್ಲಿ ನಾನು ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಈಗ ಆ ಹಿರಿಯ ನರ್ಸ್ ವಿಷಯ. ನನಗೆ ಸಿಟ್ಟು ಬಂದಿದ್ದು ನಿಮ್ಮ ಗಂಡನ ಮೇಲಲ್ಲ, ಅವರ ಮೇಲೆ. ಗಂಡನಿಗೆ ಮನೆಯ ಚಿಂತೆ, ಸಾಲ ಸೋಲ ಮಾಡಿ ಕಟ್ಟಿದ ಮನೆ ಇರಬೇಕು, ಬಿಡು ಅಂದರೆ ಯಾರಿಗೆ ಮನಸ್ಸು ಬರುತ್ತದೆ? ಸೇತುವೆಯ ವಿಷಯ ನೀವು ಅವರಿಗೆ ಹೇಳಿಯೇ ಇಲ್ಲ ಅಂತ ನನ್ನ ಅನುಮಾನ. ಆದರೆ ಆ ಹಿರಿಯರಿಗೆ ನೈಟ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ 'ಅಭ್ಯಾಸ ಆಗುತ್ತೆ' ಅಂದರು. ದಾರಿ ಅಭ್ಯಾಸ ಆಗುತ್ತದೆ. ನಿದ್ದೆ ಇಲ್ಲದಿರುವುದು ಅಭ್ಯಾಸ ಆಗುವುದಿಲ್ಲ. ದಿನಗಟ್ಟಲೆ ನಿದ್ದೆ ಕಮ್ಮಿಯಾದಾಗ ತಾನು ಎಷ್ಟು ಮಂಕಾಗಿದ್ದೇನೆ ಅನ್ನುವುದೇ ತಿಳಿಯದ ಹಾಗೆ ಆಗುತ್ತದೆ, ಅದನ್ನೇ ನಾವು ಅಭ್ಯಾಸ ಅಂತ ಕರೆಯುತ್ತೇವೆ. ಕಿರಿಯರು ಭಯ ಹೇಳಿಕೊಂಡಾಗ ತಾನು ಪಟ್ಟ ಕಷ್ಟ ತೋರಿಸಿ ಅವರ ಬಾಯಿ ಮುಚ್ಚಿಸುವ ಚಾಳಿ ನಮ್ಮ ವೃತ್ತಿಯಲ್ಲಿ ಬಹಳ ಇದೆ. ನನಗೂ ಹಾಗೇ ಮಾಡಿದ್ದರು. ದಯವಿಟ್ಟು ಅವರ ಮಾತು ಕೇಳಬೇಡಿ.

ಎಷ್ಟು ದೂರ ಸರಿ ಅಂತ ಕೇಳಿದಿರಿ. ಕಿಲೋಮೀಟರ್ ಎಣಿಸಬೇಡಿ, ನಿದ್ದೆ ಎಣಿಸಿ. ದಿನಕ್ಕೆ 24 ಗಂಟೆ. ಡ್ಯೂಟಿ 12, ಹ್ಯಾಂಡೋವರ್‌ಗೆ ಅರ್ಧ ಗಂಟೆ. ಓಡಾಟ ಎರಡು ಗಂಟೆ ಇಪ್ಪತ್ತು ನಿಮಿಷ. ನಿದ್ದೆ ಕನಿಷ್ಠ ಏಳು ಗಂಟೆ. ಸ್ನಾನ, ಊಟ, ಹೊರಡುವ ತಯಾರಿಗೆ ಒಂದೂವರೆ ಗಂಟೆ. ಉಳಿದಿದ್ದು 40 ನಿಮಿಷ. ಮಗಳು, ಗಂಡ, ಮನೆ, ಎಲ್ಲ ಆ 40 ನಿಮಿಷದಲ್ಲಿ. ರಿಲೀವರ್ ತಡವಾದರೆ, ದಾರಿಯಲ್ಲಿ ಟ್ರಾಫಿಕ್ ಸಿಕ್ಕರೆ, ಮಗುವಿಗೆ ಜ್ವರ ಬಂದರೆ ಯಾವುದರಿಂದ ಕಡಿಯುತ್ತೀರಿ? ನಿದ್ದೆಯಿಂದಲೇ ಅಲ್ವಾ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲಿ ನರ್ಸ್‌ಗಳಿಗಾಗಿಯೇ ಮಾಡಿದ ಶಿಫಾರಸಿನಲ್ಲಿ ಎರಡು ಡ್ಯೂಟಿಗಳ ನಡುವೆ ಸತತ 12 ಗಂಟೆಯಾದರೂ ವಿಶ್ರಾಂತಿ ಇರಬೇಕು ಅಂತ ಇದೆ. ರೋಸ್ಟರ್ ಪ್ರಕಾರ ನಿಮಗೂ 12 ಗಂಟೆ ಸಿಗುತ್ತಿದೆ. ಹ್ಯಾಂಡೋವರ್ ಮತ್ತು ಓಡಾಟ ಸೇರಿ ಅದರಲ್ಲಿ ಹತ್ತಿರ ಹತ್ತಿರ ಮೂರು ಗಂಟೆ ತಿನ್ನುತ್ತಿವೆ, ಆ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಅದಕ್ಕೆ ನನ್ನ ಉತ್ತರ: 12 ಗಂಟೆ ಡ್ಯೂಟಿ ಮಾಡುವವರಿಗೆ ಮನೆ ಬಾಗಿಲಿನಿಂದ ವಾರ್ಡಿನ ಬಾಗಿಲಿಗೆ ಮುಕ್ಕಾಲು ಗಂಟೆ. ಪಾರ್ಕಿಂಗ್, ಲಿಫ್ಟ್, ಬಟ್ಟೆ ಬದಲಿಸುವುದು ಎಲ್ಲ ಸೇರಿ. ಎಂಟು ಗಂಟೆಯ ಹಗಲು ಡ್ಯೂಟಿಯಾದರೆ ಒಂದು ಗಂಟೆ ತಡೆಯಬಹುದು, ಬೇರೆಯವರು ಓಡಿಸುವ ಬಸ್ಸೋ ರೈಲೋ ಆದರೆ ಇನ್ನೂ ಸ್ವಲ್ಪ ಜಾಸ್ತಿ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನಾನು ನಿಂತು ನೋಡಿದ ಅಳತೆ. ನಿಮ್ಮದು ಅದನ್ನು ದಾಟಿದೆ. ನೀವು ಗೊಣಗುತ್ತಿಲ್ಲ.

ಆದರೂ ಕೆಲಸ ಬಿಡಿ ಅಂತ ಹೇಳಲಾರೆ. ಐಸಿಯು ಬಗ್ಗೆ ನೀವು ಬರೆದ ಆ ಅರ್ಧ ಪುಟ ಓದಿದವರು ಯಾರೂ ಹಾಗೆ ಹೇಳಲಾರರು. ಮನೆ ಬದಲಿಸುವ ಮಾತನ್ನು ಆರು ತಿಂಗಳು ಬಿಟ್ಟು ನಿಧಾನವಾಗಿ ಮಾತಾಡಿ. ಈಗ ಒಂದೇ ಒಂದು ಕೆಲಸ ಮಾಡಿ: ನೈಟ್ ಮುಗಿದ ಬೆಳಿಗ್ಗೆ ಕಾರು ಓಡಿಸಬೇಡಿ. ಒಂದು ದಿನವೂ ಬೇಡ. ಗಂಡ ಬಂದು ಕರೆದುಕೊಂಡು ಹೋಗಲಿ, ಇಲ್ಲ ಬಸ್ಸಿನಲ್ಲಿ ಹೋಗಿ, ಇಲ್ಲ ಆಸ್ಪತ್ರೆಯಲ್ಲೇ ಎರಡು ಮೂರು ಗಂಟೆ ಮಲಗಿ, ಎದ್ದು ಮುಖ ತೊಳೆದು ಮಂಪರು ಪೂರ್ತಿ ಹೋದಮೇಲೆ ಹೊರಡಿ. ಮಲಗಲು ಜಾಗ ಕೊಡಿ ಅಂತ ಇನ್‌ಚಾರ್ಜ್ ಹತ್ತಿರ ಕೇಳಲು ಸಂಕೋಚ ಬೇಡ. ಯಾಕೆ ಅಂತ ಕೇಳಿದರೆ ಸೇತುವೆಯ ಕತೆ ಹೇಳಿ.

ಇವತ್ತು ರಾತ್ರಿ ಅದನ್ನು ನಿಮ್ಮ ಗಂಡನಿಗೂ ಹೇಳಿ, ಬ್ರಾಕೆಟ್ ತೆಗೆದು. ಮುಂದಿನ ನೈಟ್ ವಾರ ಮುಗಿದಮೇಲೆ, ಬೆಳಿಗ್ಗೆ ಮನೆಗೆ ಹೇಗೆ ಬಂದಿರಿ ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.