ಸಿಗಡಿ, ಏಡಿ, ಗೋಧಿ ಆಗಿಬರದವರಿಗೆ ಮನೆಯಲ್ಲಿ ಯೊಸೆನಾಬೆ ಮಾಡುವುದು ಹೇಗೆ?

ನಿಮ್ಮ ಮಗನಿಗೆ ಸಿಗಡಿ, ಏಡಿ ಮತ್ತು ಗೋಧಿಯ ಅಲರ್ಜಿ ಇದೆ, ಮೀನು ಮತ್ತು ಸೋಯಾ ಒಗ್ಗುತ್ತವೆ. ಮೀನು, ತರಕಾರಿ, ತೋಫುಗಳನ್ನು ಒಂದೇ ಪಾತ್ರೆಯ ಸಾರಿನಲ್ಲಿ ಬೇಯಿಸುವ ಜಪಾನಿನ ಅಡುಗೆಯಾದ ಯೊಸೆನಾಬೆಗೆ ಸಿಗಡಿ ಹಾಕಿ, ಅವನ ಬಟ್ಟಲಿಗೆ ಮಾತ್ರ ಬಡಿಸದಿದ್ದರೆ ಸಾಲದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಸಿಗಡಿ, ಏಡಿಗಳಲ್ಲಿ ಅಲರ್ಜಿ ಉಂಟುಮಾಡುವ ಮುಖ್ಯ ಪ್ರೋಟೀನಾದ ಟ್ರೋಪೋಮಯೋಸಿನ್ ಕುದಿಸಿದರೂ ನಾಶವಾಗದೆ ಸಾರಿಗೆ ಇಳಿಯುತ್ತದೆ. ಅದೇ ಸಾರಿನಲ್ಲಿ ಬೇಯುವ ಎಲೆಕೋಸು, ಅಣಬೆ, ತೋಫು ಎಲ್ಲಕ್ಕೂ ಅದು ಹತ್ತುತ್ತದೆ. ಕೆಲವರಿಗೆ ಕುದಿಯುವ ಪಾತ್ರೆಯ ಹಬೆ ತಾಗಿದರೂ ತೊಂದರೆಯಾಗುವುದುಂಟು. ನನ್ನ ಮಗಳಿಗೂ ಸಿಗಡಿ ಆಗದಿರುವುದರಿಂದ, ಇಂಥ ನಾಬೆ, ಅಂದರೆ ಒಂದೇ ಪಾತ್ರೆಯ ಅಡುಗೆ, ಮಾಡುವ ದಿನ ನಮ್ಮ ಅಡುಗೆಮನೆಗೆ ಸಿಗಡಿ ಬರುವುದೇ ಇಲ್ಲ.

ರುಚಿಯ ಚಿಂತೆ ಬೇಡ, ಏಕೆಂದರೆ ನಾಬೆಯ ಜೀವ ಇರುವುದು ದಾಶಿ ಎಂಬ ಮೂಲ ಸಾರಿನಲ್ಲಿ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಕೊಂಬು ಎಂಬ ಒಣ ಕಡಲಪಾಚಿಯನ್ನೂ ಮೂರು ನಾಲ್ಕು ಒಣ ಶಿಟಾಕೆ ಅಣಬೆಗಳನ್ನೂ ಹಾಕಿ, ಕನಿಷ್ಠ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಪಾತ್ರೆಯ ತಳದಲ್ಲಿ ಚಿಕ್ಕ ಗುಳ್ಳೆಗಳು ಏಳುತ್ತಿದ್ದಂತೆಯೇ, ಕುದಿ ಬರುವ ಮೊದಲೇ, ಕೊಂಬನ್ನು ತೆಗೆಯಬೇಕು. ಕುದಿದರೆ ಸಾರು ಲೋಳೆಯಾಗಿ ಒಗರಾಗುತ್ತದೆ. ಅಂಗಡಿಯ ದಿಢೀರ್ ದಾಶಿ ಪುಡಿಗಿಂತ ಇದು ಮೇಲು, ಏನೇನು ಸೇರಿದೆ ಎಂಬುದು ನಿಮಗೇ ತಿಳಿದಿರುತ್ತದೆ.

ಮೀನಿಗೆ ಕಾಡ್ ಅಥವಾ ಸಾಲ್ಮನ್ ಸಾಕು. ತುಂಡುಗಳಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಮೇಲೆ ಬಿಸಿನೀರು ಸುರಿದು ತಣ್ಣೀರಿನಲ್ಲಿ ತೊಳೆದರೆ ನೀಚು ವಾಸನೆ ಹೋಗುತ್ತದೆ. ಸ್ಕ್ವಿಡ್, ಸ್ಕಾಲಪ್, ಚಿಪ್ಪುಮೀನುಗಳಲ್ಲೂ ಟ್ರೋಪೋಮಯೋಸಿನ್ ಇರುವುದರಿಂದ ವೈದ್ಯರನ್ನು ಕೇಳದೆ ಹಾಕಬೇಡಿ. ಅಸಾರಿ ಎಂಬ ಚಿಪ್ಪುಮೀನನ್ನು ಬಿಡಿಸಿದಾಗ ಒಳಗೆ ಕೆಲವೊಮ್ಮೆ ಉಗುರಿಗಿಂತ ಚಿಕ್ಕದಾದ ಏಡಿ ಕಾಣಿಸುತ್ತದೆ. ಆ ಕಾರಣಕ್ಕೂ ನಾನು ಅದನ್ನು ಬಿಟ್ಟಿದ್ದೇನೆ. ಏಡಿಯ ರುಚಿಯ ಮೀನಿನ ಕಡ್ಡಿಗಳಲ್ಲಿ ನಿಜವಾದ ಏಡಿಯ ಸಾರ, ಗೋಧಿ, ಮೊಟ್ಟೆಯ ಬಿಳಿ ಇರಬಹುದಾದ್ದರಿಂದ ಅವೂ ಬೇಡ.

ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇದ್ದೇ ಇರುತ್ತದೆ. ಹೆಚ್ಚಾಗಿ ಸೋಯಾದಿಂದಲೇ ಮಾಡುವ ತಮಾರಿ ಎಂಬ ಸಾಸ್ ಬಳಸಬಹುದಾದರೂ ಕೆಲವು ತಮಾರಿಗಳಲ್ಲಿ ಸ್ವಲ್ಪ ಗೋಧಿ ಇರುವುದರಿಂದ ಚೀಟಿ ಓದಿಯೇ ಕೊಳ್ಳಿ. ಅದ್ದಿಕೊಳ್ಳಲು ಬಳಸುವ ಪೊನ್ಜು ಎಂಬ ಹುಳಿ ಸಾಸನ್ನು ಸಿದ್ಧವಾಗಿ ಕೊಳ್ಳುವ ಬದಲು ಅದೇ ತಮಾರಿಗೆ ನಿಂಬೆರಸ ಮತ್ತು ಒಂದಿಷ್ಟು ದಾಶಿ ಬೆರೆಸಿಕೊಳ್ಳಬಹುದು. ಜಪಾನಿನಲ್ಲಿ ಪೊಟ್ಟಣದ ಆಹಾರದ ಮೇಲೆ ಸಿಗಡಿ, ಏಡಿ, ಗೋಧಿ, ಸೋಬಾ (ಬಕ್‌ವೀಟ್) ಧಾನ್ಯ, ಮೊಟ್ಟೆ, ಹಾಲು, ಕಡಲೆಕಾಯಿಗಳನ್ನು ನಮೂದಿಸುವುದು ಕಡ್ಡಾಯ. 2023ರಲ್ಲಿ ಆ ಪಟ್ಟಿಗೆ ಅಕ್ರೋಟೂ ಸೇರಿತು. ಆದರೆ ಮೀನಂಗಡಿಯಲ್ಲಿ ಬಿಡಿಯಾಗಿ ಮಾರುವ ಮೀನಿಗೆ ಇಂಥ ಚೀಟಿ ಇರುವುದಿಲ್ಲ. ಸಿಗಡಿ ಕತ್ತರಿಸಿದ ಹಲಗೆಯ ಮೇಲೆಯೇ ನಿಮ್ಮ ಮೀನನ್ನೂ ಕತ್ತರಿಸುತ್ತಾರೆಯೇ ಎಂದು ಅಲ್ಲಿ ಬಾಯಿಬಿಟ್ಟು ಕೇಳಿ.

ಕೊನೆಯಲ್ಲಿ ಉಳಿದ ಸಾರಿಗೆ ಉದೋನ್ ಎಂಬ ದಪ್ಪ ನೂಡಲ್ಸ್ ಹಾಕುವ ರೂಢಿಯಿದೆ, ಅದು ಗೋಧಿಯದು, ಆದ್ದರಿಂದ ಬೇಡ. ಅನ್ನ ಹಾಕಿ ಐದು ನಿಮಿಷ ಕುದಿಸಿ, ಈರುಳ್ಳಿ ಸೊಪ್ಪು ಉದುರಿಸಿದರೆ ಜೋಸುಯ್ ಎಂಬ ಗಂಜಿಯಾಗುತ್ತದೆ. ಮೀನಿನ ಸಾರವೆಲ್ಲ ಅದರಲ್ಲೇ ಇರುತ್ತದೆ.