ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ಆರಂಭದ ಗದ್ಯಶೈಲಿಯ ಮೇಲೆ ಯಾರ ಪ್ರಭಾವವಿದೆ?

ಮುಖ್ಯವಾಗಿ ಪ್ರಾಗ್‌ನ ಲೇಖಕ ಕಾಫ್ಕಾ, ಅಮೆರಿಕದ ಕಾದಂಬರಿಕಾರರಾದ ಫಾಕ್ನರ್, ಹೆಮಿಂಗ್ವೇ. ಮೂವರೂ ಒಂದೇ ಸಲ ಬಂದವರಲ್ಲ, ಆ ಕ್ರಮ ಮುಖ್ಯ.

1947ರಲ್ಲಿ ಬೊಗೊಟಾದಲ್ಲಿ ಕಾನೂನು ಓದುತ್ತಿದ್ದಾಗ ಕಾಫ್ಕಾನ 'ರೂಪಾಂತರ' ಕೈಗೆ ಸಿಕ್ಕಿತು. ಅದೇ ವರ್ಷ ಪತ್ರಿಕೆಯಲ್ಲಿ ಬಂದ ಮೊದಲ ಕಥೆ ಶವಪೆಟ್ಟಿಗೆಯೊಳಗೆ ಪ್ರಜ್ಞೆಯಿಂದಿರುವವನದು. ಅಸಾಧ್ಯವಾದುದನ್ನು ನೇರವಾಗಿ, ನಿರ್ವಿಕಾರವಾಗಿ ಹೇಳುವ ಧೈರ್ಯ ಅಲ್ಲಿಂದ ಬಂದದ್ದು. ಆದರೆ ಆ ಕಥೆಗಳಲ್ಲಿ ಊರಿಲ್ಲ, ಬಿಸಿಲಿಲ್ಲ.

ಅವನ್ನು ಕೊಟ್ಟವನು ಫಾಕ್ನರ್. 1955ರ ಮೊದಲ ಕಾದಂಬರಿ 'ಲಾ ಓಹರಾಸ್ಕಾ' ತೆಗೆದುಕೊಳ್ಳಿ: ಒಂದು ಹೆಣ, ಅದರ ಸುತ್ತ ಅಜ್ಜ, ಮಗಳು, ಮೊಮ್ಮಗನ ಸ್ವಗತಗಳು. ಇದು ಫಾಕ್ನರ್‌ನ 'ಆ್ಯಸ್ ಐ ಲೇ ಡೈಯಿಂಗ್' (1930) ಕಟ್ಟಿದ ರೀತಿಯೇ. ಮಾರ್ಕೆಸ್ ಎಡವಿದ್ದೂ ಇಲ್ಲೇ. ಫಾಕ್ನರ್‌ನ 15 ನಿರೂಪಕರಲ್ಲಿ ಹಲವರ ಮಾತಿನ ಧಾಟಿ ತಕ್ಷಣ ಗುರುತು ಸಿಗುತ್ತದೆ. ಮಾರ್ಕೆಸ್‌ನ ಮೂವರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ, ಹುಡುಗ ಕೂಡ. ರಚನೆ ಎರವಲು ಸಿಕ್ಕಿತು, ಕಿವಿ ಇನ್ನೂ ಪಳಗಿರಲಿಲ್ಲ.

ಮುಂದಿನ ತಿರುವಿಗೆ ವರದಿಗಾರಿಕೆಯ ಪಳಗಿಕೆ ಮತ್ತು ಹೆಮಿಂಗ್ವೇ ಕಾರಣ. ಪ್ಯಾರಿಸ್‌ನಲ್ಲಿ ಬರೆದ 'ಕರ್ನಲ್‌ಗೆ ಯಾರೂ ಪತ್ರ ಬರೆಯುವುದಿಲ್ಲ' ಎಂಬ ಕಥೆಯ ಮೊದಲ ಸಾಲುಗಳನ್ನು ನೋಡಿ: ಕರ್ನಲ್ ಕಾಫಿ ಡಬ್ಬಿ ತೆರೆಯುತ್ತಾನೆ, ಒಂದು ಸಣ್ಣ ಚಮಚದಷ್ಟೇ ಉಳಿದಿದೆ, ತುಕ್ಕು ಬೆರೆತ ಪುಡಿ ಬರುವತನಕ ಚಾಕುವಿನಿಂದ ಕೆರೆಯುತ್ತಾನೆ. ಬಡತನ ಎಂಬ ಮಾತೇ ಬೇಕಾಗಿಲ್ಲ! ಇದು ಅಪ್ಪಟ ಹೆಮಿಂಗ್ವೇ ಪಾಠ.

ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರನ್ನೂ ಮರೆಯಬಾರದು. ಕೊಲಂಬಿಯಾದ ಬರಾಂಕಿಯಾ ನಗರದ ಪತ್ರಿಕೆಯಲ್ಲಿ ಅಂಕಣ ಬರೆಯುವಾಗ ಮಾರ್ಕೆಸ್ ಇಟ್ಟುಕೊಂಡಿದ್ದ 'ಸೆಪ್ಟಿಮಸ್' ಎಂಬ ಹೆಸರು ವುಲ್ಫ್ ಅವರ ಕಾದಂಬರಿ 'ಮಿಸೆಸ್ ಡಾಲೊವೇ'ಯ ಪಾತ್ರದ್ದು.