ದುಡ್ಡು ಹೊಂದುವ ತನಕ ಹಲ್ಲುನೋವು ಕಾಯುವುದಿಲ್ಲ

ಹಲ್ಲಿನ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ತರಹ ಇರುತ್ತವೆ: ನೋವು ತಡೆಯಲಾಗುತ್ತಿಲ್ಲ, ಕೈಯಲ್ಲಿ ದುಡ್ಡಿಲ್ಲ, ಯಾವ ಮಾತ್ರೆ ತಗೊಳ್ಳಲಿ? ಓದಿದಾಗೆಲ್ಲ ಬೇಜಾರಾಗುತ್ತದೆ. ಕೇಳಿದವರ ಮೇಲಲ್ಲ, ಅವರಿಗೆ ಇಷ್ಟು ದಿನ ಸರಿಯಾದ ದಾರಿ ಹೇಳದವರ ಮೇಲೆ. ಈ ಸಲ ಒಂದು ಪತ್ರಕ್ಕೆ ವಿವರವಾಗಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಕೈಗೆ ಬರುವುದು 12 ಸಾವಿರ. ಕೆಳಗಿನ ದವಡೆ ಹಲ್ಲು ಮೂರು ವಾರದಿಂದ ನೋಯುತ್ತಿದೆ. ಮೆಡಿಕಲ್ ಸ್ಟೋರ್‌ನವರು ಕೊಟ್ಟ ಮಾತ್ರೆ ನುಂಗಿದರೆ ಎರಡು ದಿನ ಸುಮ್ಮನಿರುತ್ತದೆ, ಮತ್ತೆ ಶುರು. ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್, ಕ್ಯಾಪ್ ಸೇರಿ 9,500 ಆಗುತ್ತೆ ಅಂದರು. ಓಲೆ ಅಡವಿಡಲಾ? ಇಲ್ಲ ಅಂದರೆ ಯುಗಾದಿ ಬೋನಸ್ ಬರುವ ತನಕ ತಡೆಯುವಂಥ ಒಳ್ಳೆ ಮಾತ್ರೆ ಹೇಳಿ.

ಓಲೆ ಅಡವಿಡಬೇಡಿ ಅಮ್ಮ. ಯುಗಾದಿ ತನಕ ತಡೆಯುವ ಮಾತ್ರೆ ಅಂತ ಯಾವುದೂ ಇಲ್ಲ.

ಮಾತ್ರೆ ಯಾಕೆ ಕೆಲಸ ಮಾಡುತ್ತಿಲ್ಲ ಅನ್ನುವುದನ್ನು ಮೊದಲು ಹೇಳುತ್ತೇನೆ. ಹಲ್ಲಿನ ಒಳಗೆ ಒಂದು ಸಣ್ಣ ಪೊಳ್ಳು ಇದೆ. ನರ, ರಕ್ತನಾಳ ಎಲ್ಲ ಅದರೊಳಗೇ ಇರುತ್ತವೆ. ಹುಳುಕು ಅಲ್ಲಿಗೆ ಮುಟ್ಟಿದಾಗ ನರ ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ, ಆದರೆ ಹಲ್ಲಿನ ಗೋಡೆ ಹಿಗ್ಗುವುದಿಲ್ಲ. ಆ ಒತ್ತಡವೇ ರಾತ್ರಿ ನಿಮ್ಮನ್ನು ಎಬ್ಬಿಸಿ ಕೂರಿಸುವ ನೋವು. ಅಂಗಡಿಯವರು ಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಸೋಂಕಿಗೆ ಅಂತ ಒಂದು ಆ್ಯಂಟಿಬಯಾಟಿಕ್ ಇರುತ್ತದೆ, ಅದು ರಕ್ತದಲ್ಲಿ ಹೋಗಿ ಮುಟ್ಟಬೇಕು. ಸಾಯುತ್ತಿರುವ ನರಕ್ಕೆ ರಕ್ತವೇ ಸರಿಯಾಗಿ ಹೋಗುತ್ತಿಲ್ಲ, ಔಷಧಿ ಎಲ್ಲಿಂದ ಮುಟ್ಟಬೇಕು? ಎರಡು ದಿನ ಆರಾಮ ಕೊಟ್ಟಿದ್ದು ಅದರ ಜೊತೆ ಇದ್ದ ನೋವಿನ ಮಾತ್ರೆ.

ಇನ್ನೊಂದು ಮಾತನ್ನು ಈಗಲೇ ತಿಳಿದಿರಿ. ಒಂದು ದಿನ ನೋವು ತಾನಾಗಿ ನಿಂತು ಹೋಗಬಹುದು. ಎಲ್ಲರೂ ಆಗ ವಾಸಿಯಾಯಿತು ಅಂದುಕೊಳ್ಳುತ್ತಾರೆ. ವಾಸಿಯಾಗಿರುವುದಿಲ್ಲ, ನರ ಸತ್ತಿರುತ್ತದೆ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ. ಆಮೇಲೆ ಯಾವಾಗಲೋ ಕೆನ್ನೆ ಊದುತ್ತದೆ. ಆಗ ಖರ್ಚೂ ಜಾಸ್ತಿ, ಅಪಾಯವೂ ಜಾಸ್ತಿ.

ಇನ್ನು ದುಡ್ಡಿನ ವಿಷಯ. 9,500 ಅನ್ನುವ ಲೆಕ್ಕದಲ್ಲಿ ಮೂರು ಕೆಲಸ ಸೇರಿವೆ. ಹಲ್ಲು ತೆರೆದು ಸೋಂಕಾದ ನರ ತೆಗೆಯುವುದು ಒಂದು. ಬೇರಿನೊಳಗಿನ ಕಾಲುವೆ ಸ್ವಚ್ಛ ಮಾಡಿ ತುಂಬುವುದು ಎರಡು. ಮೇಲೆ ಕ್ಯಾಪ್ ಹಾಕುವುದು ಮೂರು. ತುರ್ತು ಇರುವುದು ಮೊದಲನೆಯದಕ್ಕೆ ಮಾತ್ರ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹಲ್ಲು ತೆರೆಯುತ್ತೇವೆ. ಡ್ರಿಲ್ ಪೊಳ್ಳಿಗೆ ತಲುಪಿದ ಕೂಡಲೇ ರಕ್ತವೋ ಕೀವೋ ಒಂದೆರಡು ಹನಿ ಜಿನುಗುತ್ತದೆ. ಒತ್ತಡ ಇಳಿಯಿತು ಅಂತ ಅದರಲ್ಲೇ ಗೊತ್ತಾಗುತ್ತದೆ. ನಂತರ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್ ಮುಚ್ಚಿ ಕಳಿಸುತ್ತೇವೆ. ಬಹಳ ಜನ ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡುತ್ತಾರೆ.

ಹಾಗಾಗಿ ಎಲ್ಲೇ ಹೋದರೂ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ಇವತ್ತು ನೋವು ನಿಲ್ಲಿಸುವ ಕೆಲಸಕ್ಕೆ ಎಷ್ಟು? ಉಳಿದದ್ದು ಮುಂದಿನ ತಿಂಗಳು ಮಾಡಿಸಬಹುದಾ?" ಇದನ್ನು ಕೇಳಲು ನಾಚಿಕೆ ಬೇಡ. ಇದು ಭಿಕ್ಷೆಯಲ್ಲ, ಚಿಕಿತ್ಸೆಯ ಕ್ರಮವೇ ಹಾಗಿದೆ. ಪೂರ್ತಿ ದುಡ್ಡು ಮೊದಲೇ ಕಟ್ಟದೆ ಹಲ್ಲು ಮುಟ್ಟುವುದಿಲ್ಲ ಅಂದರೆ ಎದ್ದು ಬನ್ನಿ. ಆದರೆ ನೀವೂ ಮಾತು ಉಳಿಸಿಕೊಳ್ಳಬೇಕು. ತಾತ್ಕಾಲಿಕ ಸಿಮೆಂಟ್ ಕೆಲವು ವಾರ ತಡೆದೀತು, ತಿಂಗಳುಗಟ್ಟಲೆ ಅಲ್ಲ. ನೋವು ಹೋಯಿತು ಅಂತ ಅಷ್ಟಕ್ಕೇ ಬಿಟ್ಟವರ ಹಲ್ಲನ್ನು ಕೊನೆಗೆ ಕೀಳುವುದೇ ಆಗುತ್ತದೆ.

ಕ್ಯಾಪ್ ಹಾಕಿಸಲು ಸ್ವಲ್ಪ ಸಮಯ ತಗೊಳ್ಳಬಹುದು. ಆದರೆ ದವಡೆ ಹಲ್ಲಿಗೆ ಕ್ಯಾಪ್ ಇಲ್ಲದಿದ್ದರೆ ಒಂದು ದಿನ ಸೀಳುತ್ತದೆ. ಅಲ್ಲಿಯ ತನಕ ಆ ಕಡೆಯಿಂದ ಚಕ್ಕುಲಿ, ಕಬ್ಬು ಕಡಿಯಬೇಡಿ. ಹಿಂದಿನ ಹಲ್ಲಿಗೆ ಬಿಳಿ ಕ್ಯಾಪೇ ಆಗಬೇಕೆಂದಿಲ್ಲ. ಪೂರ್ತಿ ಲೋಹದ ಕ್ಯಾಪ್ ಅಗ್ಗ, ಗಟ್ಟಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ನೀವೇ ಕೇಳಬೇಕು, ತಾವಾಗಿ ಹೇಳುವವರು ಕಡಿಮೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಪತ್ರದಲ್ಲಿ ನನ್ನ ಹೊಟ್ಟೆ ಉರಿಸಿದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅಂತ ಒಂದು ಸಾಲು ಇರಬೇಕು. ತಿಂಗಳ ಕೂಲಿ 21,000 ರೂಪಾಯಿ ಮೀರದ, ಇಎಸ್‌ಐಗೆ ಒಳಪಟ್ಟ ಕಾರ್ಖಾನೆಯ ನೌಕರರಿಂದ ಶೇಕಡಾ 0.75 ಹಿಡಿಯುತ್ತಾರೆ. ಮಾಲೀಕರು ಶೇಕಡಾ 3.25 ಕಟ್ಟಬೇಕು. ನೀವು ಪ್ರತಿ ತಿಂಗಳೂ ಚಿಕಿತ್ಸೆಗೆ ದುಡ್ಡು ಕಟ್ಟುತ್ತಲೇ ಇದ್ದೀರಿ! ಆ ಹಕ್ಕು ಬಿಟ್ಟು ಓಲೆ ಅಡವಿಡುವ ಮಾತಾಡುತ್ತಿದ್ದೀರಿ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ರಾಜಾಜಿನಗರದಲ್ಲಿ ದೊಡ್ಡದಿದೆ. ಇಎಸ್‌ಐ ಕಾರ್ಡು ಅಥವಾ ನಂಬರು, ಆಧಾರ್ ಹಿಡಿದು ಮೊದಲು ನಿಮ್ಮ ಡಿಸ್ಪೆನ್ಸರಿಗೆ ಹೋಗಿ, ಹಲ್ಲಿನ ವಿಭಾಗಕ್ಕೆ ಬರೆಸಿಕೊಳ್ಳಿ. ನಂಬರು ಗೊತ್ತಿಲ್ಲದಿದ್ದರೆ ಕಂಪನಿಯ ಎಚ್‌ಆರ್ ಕೊಡಬೇಕು, ಕೊಡಲೇಬೇಕು. ಗಂಡ, ಮಕ್ಕಳು, ನಿಮ್ಮ ಆಸರೆಯಲ್ಲಿರುವ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಲಬುರಗಿ ಕಡೆಯ ಓದುಗರಿಗೆ ಇನ್ನೊಂದು ಮಾತು: ಅಲ್ಲಿ ಇಎಸ್‌ಐನದೇ ದಂತ ಕಾಲೇಜು ಇದೆ.

ಇಎಸ್‌ಐ ಇಲ್ಲದವರು, ಅಂದರೆ ಮನೆಕೆಲಸದವರು, ಗಾರೆ ಕೆಲಸದವರು, ತಳ್ಳುಗಾಡಿಯವರು, ದಂತ ಕಾಲೇಜಿಗೆ ಹೋಗಿ. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜು ಇರುವುದು ನಮ್ಮ ರಾಜ್ಯದಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪೀಣ್ಯದಿಂದ ಹಸಿರು ಮೆಟ್ರೋ ಹತ್ತಿದರೆ ನೇರ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಬಹುದು. ಬಳ್ಳಾರಿಯಲ್ಲಿ ಇನ್ನೊಂದು ಸರ್ಕಾರಿ ಕಾಲೇಜು ಇದೆ. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಹಾಸನ, ಮಂಗಳೂರು, ಮಣಿಪಾಲ, ಸುಳ್ಯದಲ್ಲಿ ಖಾಸಗಿ ಕಾಲೇಜುಗಳಿವೆ. ಅವೂ ಹೊರಗಿನ ಕ್ಲಿನಿಕ್‌ಗಿಂತ ಬಹಳ ಕಡಿಮೆಗೆ ಮಾಡುತ್ತವೆ, ಯಾಕೆಂದರೆ ಕಲಿಯುವವರಿಗೆ ರೋಗಿಗಳು ಬೇಕು.

"ಸ್ಟೂಡೆಂಟ್ಸ್ ಕೈಗೆ ಹಲ್ಲು ಕೊಡಲಾ?" ಅಂತ ಮೂಗು ಮುರಿಯಬೇಡಿ. ದವಡೆ ಹಲ್ಲಿನ ರೂಟ್ ಕೆನಾಲ್ ಮಾಡುವವರು ಹೆಚ್ಚಾಗಿ ಪಿಜಿಗಳು, ಅಂದರೆ ಡಾಕ್ಟರಾಗಿ ಪಾಸಾಗಿ ಅದೇ ವಿಷಯದಲ್ಲಿ ಮುಂದೆ ಓದುತ್ತಿರುವವರು. ಮೇಷ್ಟ್ರು ಎಕ್ಸ್‌ರೇ ನೋಡಿ ಸರಿ ಅನ್ನದೆ ಅವರು ಮುಂದಿನ ಹೆಜ್ಜೆ ಇಡುವ ಹಾಗಿಲ್ಲ. ಗಡಿಬಿಡಿಯ ಕ್ಲಿನಿಕ್‌ನಲ್ಲಿ ಇಷ್ಟು ಪರೀಕ್ಷೆ ಆಗುವುದಿಲ್ಲ. ಕಳೆದುಕೊಳ್ಳುವುದು ಸಮಯ, ಅದನ್ನು ಮುಚ್ಚಿಡುವುದಿಲ್ಲ. ಎರಡು ಮೂರು ಸಲ ಓಡಾಡಬೇಕು, ದಿನಗೂಲಿಯವರಿಗೆ ಅದೂ ದುಡ್ಡೇ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ತಿಂಡಿ ತಿಂದು ಹೋಗಿ. ಮೊದಲ ಟೇಬಲ್‌ನಲ್ಲಿ "ಹಲ್ಲು ತೋರಿಸಬೇಕಿತ್ತು" ಅನ್ನಬೇಡಿ. "ಮೂರು ವಾರದಿಂದ ನೋವು, ರಾತ್ರಿ ನಿದ್ದೆ ಇಲ್ಲ, ಇವತ್ತೇ ಹಲ್ಲು ಓಪನ್ ಮಾಡಿ" ಅನ್ನಿ. ಮೊದಲನೆಯದು ಹೇಳಿದರೆ ಸುಮ್ನೆ ಮುಂದಿನ ವಾರದ ಚೀಟಿ ಸಿಗುವ ಸಂಭವವೇ ಜಾಸ್ತಿ. ಬಿಪಿಎಲ್ ಕಾರ್ಡ್ ಒಯ್ಯಿರಿ. ಸಕ್ಕರೆ, ಬಿಪಿ ಇದ್ದರೆ ನುಂಗುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ.

ಕಾಲೇಜೂ ದೂರ, ದುಡ್ಡೂ ಇಲ್ಲ ಅಂದರೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿ ಹಲ್ಲು ಕೀಳಿಸಿ. ನನ್ನ ಜೊತೆಯ ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ, ಹಲ್ಲು ಉಳಿಸಿ ಅಂತಲೇ ಹೇಳಬೇಕು ಅನ್ನುತ್ತಾರೆ. ನಾನೂ ಉಳಿಸಿ ಅಂತಲೇ ಹೇಳುತ್ತೇನೆ, ಉಳಿಸಲು ದಾರಿ ಇದ್ದರೆ. ಮೀಟರ್ ಬಡ್ಡಿಗೆ ಸಾಲ ಮಾಡಿ ಉಳಿಸಿದ ಹಲ್ಲಿಗಿಂತ ಸುರಕ್ಷಿತವಾಗಿ ಕೀಳಿಸಿದ ಹಲ್ಲು ಮೇಲು. ಅದರಲ್ಲೂ ಕೊನೆಯ ಬುದ್ಧಿಹಲ್ಲಾದರೆ ಯೋಚನೆಯೇ ಬೇಡ. ನಿಮ್ಮದು ಯಾವ ಹಲ್ಲು ಅಂತ ಪತ್ರದಿಂದ ಗೊತ್ತಾಗುವುದಿಲ್ಲ, ಅಲ್ಲಿ ಕೇಳಿ.

ಡಾಕ್ಟರ ಹತ್ತಿರ ಹೋಗುವ ತನಕದ ಒಂದು ರಾತ್ರಿ, ಎರಡು ರಾತ್ರಿಗೆ ಪ್ಯಾರಾಸಿಟಮಾಲ್ 500 ಸಾಕು, ಜನೌಷಧಿ ಕೇಂದ್ರದಲ್ಲಿ ಅಗ್ಗವಾಗಿ ಸಿಗುತ್ತದೆ. ದೊಡ್ಡವರು ದಿನಕ್ಕೆ ಎಂಟು ಮೀರಬಾರದು ಅಂತ ಲೆಕ್ಕ, ನಾನು ಆರಕ್ಕೇ ನಿಲ್ಲಿಸುತ್ತೇನೆ. ಕುಡಿಯುವ ಅಭ್ಯಾಸ ಅಥವಾ ಲಿವರ್ ತೊಂದರೆ ಇರುವವರು ಕೇಳದೆ ಮುಟ್ಟಬೇಡಿ. ಅಂಗಡಿಯವರು ನಾಲ್ಕು ಬಣ್ಣದ ಮಾತ್ರೆ ಸೇರಿಸಿ ಕಟ್ಟಿಕೊಡುವ ಪೊಟ್ಟಣ ಬೇಡವೇ ಬೇಡ. ಒಳಗೇನಿದೆ ಅಂತ ನಿಮಗೂ ಗೊತ್ತಿಲ್ಲ, ಮುಂದೆ ನೋಡುವ ನಮಗೂ ಗೊತ್ತಾಗುವುದಿಲ್ಲ. ಹಲ್ಲಿನ ಪಕ್ಕ ಮಾತ್ರೆ ಒತ್ತಿಟ್ಟುಕೊಳ್ಳುವುದು, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳುವುದು, ನಶ್ಯ ತುಂಬುವುದು, ಇವನ್ನೂ ಬಿಡಿ. ಆ ಜಾಗದ ವಸಡು ಬೆಳ್ಳಗೆ ಸುಟ್ಟು, ಪೊರೆ ಕಿತ್ತು ಬಂದವರನ್ನು ಈಗಲೂ ನೋಡುತ್ತಿರುತ್ತೇನೆ. ಹಲ್ಲಿನ ನೋವಿನ ಮೇಲೆ ಸುಟ್ಟ ಗಾಯದ ನೋವು ಬೇರೆ.

ಪ್ರಶ್ನೆ: ನಮ್ಮೂರ ಸಂತೆಯಲ್ಲಿ ಒಬ್ಬರು ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುತ್ತಾರೆ. ಬರೀ 200 ರೂಪಾಯಿ. ಹುಳ ಕಣ್ಣಾರೆ ಕಂಡೆ.

ಹಲ್ಲಿನಲ್ಲಿ ಹುಳವೇ ಇರುವುದಿಲ್ಲ. ಹುಳುಕು ಮಾಡುವುದು ಬ್ಯಾಕ್ಟೀರಿಯಾ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ನೀವು ಕಂಡದ್ದು ಸುಟ್ಟ ಬೀಜದಿಂದ ಬಂದ ಬಿಳಿ ಎಳೆ, ಇಲ್ಲವೇ ಮೊದಲೇ ಹತ್ತಿಯಲ್ಲಿ ಅಡಗಿಸಿಟ್ಟದ್ದು. ಆ 200 ರೂಪಾಯಿ ಸಿಟಿಗೆ ಬರುವ ಬಸ್ ಚಾರ್ಜಾಗುತ್ತಿತ್ತು. ಇಂಥವರನ್ನೂ, ಪಾಸಾಗದೆ "ಡೆಂಟಲ್" ಬೋರ್ಡ್ ಹಾಕಿಕೊಂಡವರನ್ನೂ ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಅವರ ಹತ್ತಿರ ಹೋಗುವವರು ಬಡವರೇ. 1948ರಿಂದಲೇ ಕಾನೂನು ಇದೆ, ನೋಂದಣಿ ಇಲ್ಲದೆ ಹಲ್ಲಿಗೆ ಕೈಹಾಕುವ ಹಾಗಿಲ್ಲ. ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ತೋರಿಸಿ ಅನ್ನಿ. ತೋರಿಸದಿದ್ದರೆ ಬಾಯಿ ತೆರೆಯಬೇಡಿ. ಸರಿಯಾಗಿ ಕುದಿಸದ ಇಕ್ಕಳದಿಂದ ಹೆಪಟೈಟಿಸ್ ಬಿ ಬರಬಹುದು.

ಪ್ರಶ್ನೆ: ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದಾ?

ಇಲ್ಲ. ಎಷ್ಟು ಸಲ ಹೇಳಬೇಕು? ಕಣ್ಣಿನ ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಪ್ರಶ್ನೆ: ಆಯುಷ್ಮಾನ್ ಕಾರ್ಡ್‌ನಲ್ಲಿ ರೂಟ್ ಕೆನಾಲ್ ಆಗುತ್ತದಾ?

ಆಗುವುದಿಲ್ಲ. ದವಡೆ ಮುರಿತದಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಅದು ಬರುತ್ತದೆ. ಆಗ ಸರ್ಕಾರಿ ಆಸ್ಪತ್ರೆಯ ಮೂಲಕವೇ ಹೋಗಿ.

ಪ್ರಶ್ನೆ: ಅಪ್ಪನಿಗೆ ಒಂದೂ ಹಲ್ಲಿಲ್ಲ, ಬಿಪಿಎಲ್ ಕಾರ್ಡ್ ಇದೆ. ಹಲ್ಲಿನ ಸೆಟ್ಟಿಗೆ ಸಾಲ ಮಾಡಬೇಕಾ?

ಬೇಡ. ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಪೂರ್ತಿ ಸೆಟ್ ಕೊಡಲೆಂದೇ ಸರ್ಕಾರ ದಂತ ಭಾಗ್ಯ ಯೋಜನೆ ಮಾಡಿತು. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಹೆಸರು ಹೇಳಿ ಕೇಳಿ.

ಪ್ರಶ್ನೆ: ಮಗನದು ಹಾಲುಹಲ್ಲು, ಹೇಗಿದ್ದರೂ ಬೀಳುತ್ತೆ. ಖರ್ಚು ಯಾಕೆ?

ನೋವು ಆಗುತ್ತಿರುವುದು ಮಗುವಿಗಲ್ವಾ? ಹಿಂದಿನ ಹಾಲುಹಲ್ಲು ಹತ್ತು, ಹನ್ನೆರಡು ವರ್ಷದ ತನಕ ಇರಬೇಕು. ನಾಳೆಯೇ ಕರೆದುಕೊಂಡು ಹೋಗಿ.

ಪ್ರಶ್ನೆ: ಯಜಮಾನರಿಗೆ ಹಲ್ಲುನೋವಿನಿಂದ ಕೆನ್ನೆ ಊದಿದೆ. ಉಪ್ಪಿನ ಶಾಖ ಕೊಡುತ್ತಿದ್ದೇನೆ. ಸೋಮವಾರ ತೋರಿಸಿದರೆ ಸಾಕಾ?

ಹೊರಗಿನಿಂದ ಶಾಖ ಕೊಡುವುದನ್ನು ಈಗಲೇ ನಿಲ್ಲಿಸಿ. ಶಾಖಕ್ಕೆ ಕೀವು ಚರ್ಮದ ಕಡೆ ಬಂದು ಕೆನ್ನೆ ಒಡೆಯಬಹುದು, ಕಲೆ ಜೀವಮಾನ ಉಳಿಯಬಹುದು. ಬೆಚ್ಚಗಿನ ಉಪ್ಪುನೀರು ಬಾಯೊಳಗೆ ಮುಕ್ಕಳಿಸಬಹುದು.

ಸೋಮವಾರದ ತನಕ ಕಾಯಬೇಡಿ, ಇವತ್ತೇ ತೋರಿಸಿ. ಈಗಲೇ ಅವರ ಪಕ್ಕ ಕೂತು ನೋಡಿ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿಲ್ಲವೇ? ಉಗುಳು ನುಂಗಲಾಗದೆ ಸುರಿಯುತ್ತಿದೆಯೇ? ಊತ ಗದ್ದದ ಕೆಳಗೆ, ಕತ್ತಿನ ಕಡೆ ಇಳಿದು ಗಟ್ಟಿಯಾಗಿದೆಯೇ, ಅಥವಾ ಕಣ್ಣು ಮುಚ್ಚುವಷ್ಟಾಗಿದೆಯೇ? ಜ್ವರ ಇದೆಯೇ, ಮಾತು ದಪ್ಪವಾಗಿದೆಯೇ, ಮಲಗಿದರೆ ಉಸಿರು ಕಟ್ಟುತ್ತದೆಯೇ? ಇದರಲ್ಲಿ ಒಂದು ಇದ್ದರೂ ಹಲ್ಲಿನ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ನಾಲಿಗೆಯ ಕೆಳಗೆ ಹರಡಿದ ಸೋಂಕು ಉಸಿರಿನ ದಾರಿ ಮುಚ್ಚಲು ಕೆಲವೇ ಗಂಟೆ ಸಾಕು. ಗಟ್ಟಿಮುಟ್ಟಾದ ಗಂಡಸರೂ ಇದರಿಂದ ಸತ್ತಿದ್ದಾರೆ. ದುಡ್ಡು ಎಷ್ಟಿದೆ ಅಂತ ಎಣಿಸಬೇಡಿ, 108ಕ್ಕೆ ಫೋನ್ ಮಾಡಿ, ಅದಕ್ಕೆ ಬಾಡಿಗೆ ಇಲ್ಲ. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ದಾರಿಯಲ್ಲಿ ಅವರನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಕರೆದುಕೊಂಡು ಹೋಗಿ.